ಸೂಜಿ ಹಾರುವ ಜಾಗ

ಬೀರೂರು ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ
ಗಾರ್ಡ್ ವಾಲ್ಟರ್ ಸಾಹೇಬರ ಮಗ ಡೆರಿಕ್
ಗ್ರಾಮಫೋನಿಗೆ ಚಾವಿ ಕೊಟ್ಟ.
ತಟ್ಟೆ ತಿರುಗಿತು. ಯಾರೋ ದೂರದವನು
ತಂತಿ ಮೀಟುತ್ತ ಮೂಗಿನಲ್ಲಿ ಹಾಡುತ್ತಿದ್ದವನು
ಇದ್ದಕ್ಕಿದ್ದಂತೆ ಗಂಟಲು ಮುರಿದುಕೊಂಡು
ಎದೆಯಿಂದ ನೆತ್ತಿಗೆ ಹಾರಿದ,
ಅಲ್ಲೊಂದು ಗಳಿಗೆ ನಿಂತು
ಮತ್ತೆ ಎದೆಗೇ ಇಳಿದ.

ಮಜ್ಜಿಗೆ ಚೆಂಬು ಹಿಡಿದು ಹೊಸಿಲಲ್ಲಿ ನಿಂತಿದ್ದ
ನಮ್ಮಜ್ಜಿ ಜುಂಜಮ್ಮ ಕೇಳಿದಳು:
‘ಇವಂದು ಯಾವ ಕಾವಲು?’

ಅಮೃತಮಹಲ್ ಕಾವಲಿನಲ್ಲಿ ಅವಳ ತಮ್ಮ ಚಿತ್ತಯ್ಯ
ಸಂಜೆ ಹೀಗೇ ಕೂಗುತ್ತಿದ್ದನಂತೆ.
ನೆಟ್ಟಗಿನ ಕೂಗು ಮನುಷ್ಯರಿಗೆ,
ಒಡಕಲು ಕೂಗು ದನಕ್ಕೆ;
ಒಡೆದ ಕಡೆಯೇ ಅವು ಕಿವಿ ನಿಗುರಿಸುವುದು.

‘ದನ ಕಳ್ಕೊಂಡವ್ನೆ ಪಾಪ. ಸಿಕ್ತಾ ಕೇಳು.’
ಡೆರಿಕ್ ಬಿಡಿಸಿ ಹೇಳಿದ: ದನ ಅಲ್ಲಜ್ಜಿ, ಹೆಂಗಸು.
ರೈಲು ಹತ್ತಿ ಹೋಗಿಬಿಟ್ಟಳು.
ಅಜ್ಜಿ ಚೆಂಬು ಕೆಳಗಿಟ್ಟಳು.
‘ದನ ಕೂಗ್ದಂಗೆ ಕೂಗಿದ್ರೆ
ಯಾವಳು ಬತ್ತಾಳೆ?’

ಅಪ್ಪ ಕಾಟಯ್ಯ ಗ್ಯಾಂಗ್‌ಮನ್.
ಹನ್ನೆರಡು ಜನ, ಹನ್ನೆರಡು ಹಾರೆ, ಒಂದು ಹಳಿ.
ಮೇಸ್ತ್ರಿ ಪದ ಎತ್ತುತ್ತಿದ್ದ:
ಬೀಗರೂರ ದಾರೀಲಿ (ಐಸಾ)
ಬಿಸಿಲು ಕೂತು ಬೆವರ್ತೈತೆ (ಐಸಾ)
ಗಮನಿಸಿ, ಹಾರೆ ಒತ್ತುತ್ತಿದ್ದುದು ಪದದ ಮೇಲಲ್ಲ.
ಪದ ಮುಗಿದು, ಉಸಿರು ತಿರುಗುವ ಮುಂಚಿನ
ಆ ಸಣ್ಣ ಸಂದಿಯಲ್ಲಿ.
ಹಳಿ ಜರುಗುತ್ತಿದ್ದುದೂ ಅಲ್ಲೇ,
ಅರ್ಧ ಬೆರಳು, ಮತ್ತರ್ಧ ಬೆರಳು.

ಮುಂದಿನ ವರ್ಷ ಡೆರಿಕ್ ಇನ್ನೊಂದು ತಟ್ಟೆ ತಂದ.
ಹೊಸದು ಕಣೋ, ಪ್ರಪಂಚದಲ್ಲೇ ಹೊಸದು, ಅಂದ.
ಸೂಜಿ ಇಟ್ಟ. ನಾನು ಎದ್ದು ನಿಂತೆ.
ಅದೇ ಸಂದಿ! ಅಲ್ಲೇ ಡ್ರಮ್ಮು ಬೀಳುತ್ತಿತ್ತು,
ಒಂದಕ್ಕಲ್ಲ ಎರಡಕ್ಕೆ, ಮೂರಕ್ಕಲ್ಲ ನಾಲ್ಕಕ್ಕೆ.
ಅದೇ ಮೂಗು, ಅದೇ ಮುರಿದ ಗಂಟಲು,
ಆದರೆ ಕರೆಂಟು ಹೊಡೆದಂತೆ.
ಈ ಹಾಡು ಕಟ್ಟಿದವರ ಅಪ್ಪಂದಿರೂ ಎಲ್ಲೋ
ಏನನ್ನೋ ಎತ್ತಿರಬೇಕು,
ಯಾರದೋ ಹೊಲದಲ್ಲಿ ಬಗ್ಗಿರಬೇಕು,
ಯಾರದೋ ದನ ಅಟ್ಟಿರಬೇಕು.
ನನಗೆ ಗೊತ್ತಿಲ್ಲ. ನನ್ನ ಭುಜಕ್ಕೆ ಗೊತ್ತಾಯಿತು.

ಅಜ್ಜಿ ಪೂರ್ತಿ ಕೇಳಿ ತೀರ್ಪು ಕೊಟ್ಟಳು:
‘ಈಗ ದನ ಸಿಕ್ಕೈತೆ.
ಒದೀತೈತೆ.’

ಕ್ರಿಸ್‌ಮಸ್ಸಿಗೆ ಇನ್‌ಸ್ಟಿಟ್ಯೂಟ್ ಹಾಲಿನಲ್ಲಿ ನಮ್ಮ ಬ್ಯಾಂಡು.
ಡೆರಿಕ್‌ನ ಗಿಟಾರಿಗೆ ಆರನೆಯ ತಂತಿ
ಸೈಕಲ್ ಬ್ರೇಕಿನ ವೈರಿನ ಒಂದು ಎಳೆ.
ನನ್ನದು ಸೀಮೆಎಣ್ಣೆ ಡಬ್ಬ, ಎರಡು ಹುಣಸೆ ಕೋಲು.
ಲೋಕೋ ಶೆಡ್ಡಿನ ಫೋರ್‌ಮನ್ನರ ಹೆಂಡತಿ
ಕೇಕಿನ ತಟ್ಟೆ ಹಿಡಿದೇ ಎದ್ದು ಹೋದರು.
ಇದು ಡಾನ್ಸಿನ ಸದ್ದಲ್ಲ, ಲೈನ್ ಕೆಲಸದ ಸದ್ದು, ಅಂದರಂತೆ.
ಅಷ್ಟು ಸರಿಯಾಗಿ ನಮ್ಮನ್ನು
ಮತ್ತೆ ಯಾರೂ ಮೆಚ್ಚಲಿಲ್ಲ.

ಕಿಟಕಿಯಾಚೆ, ಕಂಬಳಿ ಹೊದ್ದು, ಗ್ಯಾಂಗಿನವರು.
ಹಾಲಿನೊಳಗೆ ಅವರಿಗೆ ಬರುವ ಹಾಗಿರಲಿಲ್ಲ.
ಮನೆಗೆ ನಡೆಯುವಾಗ ಅಪ್ಪ ಬೀಡಿ ಹಚ್ಚಿ,
ಎರಡು ಸಿಗ್ನಲ್ ಕಂಬ ದಾಟುವವರೆಗೆ ಸುಮ್ಮನಿದ್ದು ಹೇಳಿದ:
‘ನಿನ್ನ ಹಾರೆ ಒಂಚೂರು ಬೇಗ ಬೀಳ್ತೈತೆ.
ಹಳಿ ಜರುಗಲ್ಲ.’

ಡೆರಿಕ್ ಪರ್ತ್‌ಗೆ ಹೋದ. ಗಿಟಾರು ಒಯ್ದ,
ತಟ್ಟೆ ಬಿಟ್ಟುಹೋದ.
ಮೀಟರ್‌ಗೇಜು ಕಿತ್ತರು. ಈಗ ಕಲ್ಲು ತುಂಬಲು ಹಳದಿ ಮಿಷನ್ನು ಬರುತ್ತದೆ.
ಅದರ ಸದ್ದಿನಲ್ಲಿ ಸಂದಿಯೇ ಇಲ್ಲ;
ಹುಡುಕಿದ್ದೇನೆ, ಗೇಟಿನ ಬಳಿ ಸೈಕಲ್ ನಿಲ್ಲಿಸಿ.

ಆ ಮೊದಲ ತಟ್ಟೆಗೆ ಗೀರು ಬಿದ್ದಿದೆ,
ಸರಿಯಾಗಿ ಗಂಟಲು ಮುರಿಯುವ ಕಡೆ.
ಅವನು ನೆತ್ತಿಗೆ ಹಾರುತ್ತಾನೆ, ಸೂಜಿ ಹಿಂದಕ್ಕೆ ಹಾರುತ್ತದೆ,
ಮತ್ತೆ ಕೂಗುತ್ತಾನೆ. ಮತ್ತೆ.
ಚಿತ್ತಯ್ಯನೂ ಮೂರೇ ಸಲ ಕೂಗುತ್ತಿದ್ದುದಂತೆ,
ಆಮೇಲೆ ಕೋಲು ತಗೊಂಡು ಹುಡುಕಿಕೊಂಡು ಹೊರಡುತ್ತಿದ್ದನಂತೆ.

ನಾಲ್ಕನೆಯ ಸಲಕ್ಕೆ
ಸೂಜಿ ಎತ್ತಿ ಪಕ್ಕಕ್ಕಿಡುತ್ತೇನೆ.